ಮದುವೆ ರೀಲಿನ ಕೊನೆಯ ಮೂರು ಫೋಟೋ

ಹಳೆಯ ನೆಗೆಟಿವ್‌ಗಳಿಗೆ ಒಂದು ಹುಳಿ ವಾಸನೆ ಇರುತ್ತದೆ. ಬಹಳ ದಿನ ಮುಚ್ಚಿಟ್ಟ ಉಪ್ಪಿನಕಾಯಿ ಜಾಡಿಯ ಬಾಯಿ ಬಿಚ್ಚಿದಾಗ ಮೂಗಿಗೆ ಬಡಿಯುತ್ತದಲ್ಲ, ಹಾಗೆ. ಹೊಸದುರ್ಗದ ನನ್ನ ಸ್ಟುಡಿಯೋದಲ್ಲಿ ಈಗ ಆ ವಾಸನೆ ಏಳುವುದೇ ಅಪರೂಪ. ಬೆಳಗ್ಗೆಯಿಂದ ಸಂಜೆತನಕ ಪಾಸ್‌ಪೋರ್ಟ್ ಸೈಜಿನ ಫೋಟೋ, ಆಧಾರ್ ಕಾರ್ಡಿನ ಜೆರಾಕ್ಸು. ತಾಲ್ಲೂಕು ಆಫೀಸಿಗೆ ಓಡುವ ಅವಸರದಲ್ಲಿರುವ ಜನ ನಗುವುದೂ ಇಲ್ಲ, ನಾನು ನಗಿರಿ ಅನ್ನುವುದೂ ಇಲ್ಲ. ಬಿಳಿ ಪರದೆಯ ಮುಂದೆ ಕೂರಿಸುವುದು, ಗದ್ದ ಎತ್ತಿರಿ ಅನ್ನುವುದು, ಒತ್ತುವುದು. ಎಷ್ಟೋ ಸಲ ಯಾರ ಮುಖ ತೆಗೆದೆ ಎನ್ನುವುದೇ ಮರುಗಳಿಗೆಗೆ ಮರೆತಿರುತ್ತದೆ. ದಣಿವು ಮೈಗಿಂತ ಕಣ್ಣಿಗೇ ಹೆಚ್ಚು. ಅಂಗಡಿ ಮೆಟ್ಟಿಲ ಮೇಲೆ ಮಲಗುವ ಬೀದಿನಾಯಿಯೊಂದಿದೆ. ಅದು ಬಿಸಿಲು ಸರಿದಂತೆ ತಾನೂ ಸರಿಯುತ್ತಾ ಹೋಗುವುದನ್ನು ನೋಡುವುದಷ್ಟೇ ದಿನದಲ್ಲಿ ನನಗೆ ಸಿಗುವ ಸಂತೋಷ.

ಹೋದ ತಿಂಗಳು ಸಿರಿಗೆರೆ ಕಡೆಯ ಹೆಂಗಸೊಬ್ಬರು ಬಂದು ಕೌಂಟರಿನ ಮೇಲೆ ಒಂದು ಹಳದಿ ಕವರು ಇಟ್ಟರು. ಮಗಳ ಮದುವೆಯಂತೆ. ಛತ್ರದ ಬಾಗಿಲಲ್ಲಿ ಅಪ್ಪ ಅವ್ವನ ಮದುವೆಯ ಫೋಟೋಗಳನ್ನೂ ಹಾಕಬೇಕೆಂದು ಮಗಳ ಹಟ. ಆಲ್ಬಮ್ಮು ಗೆದ್ದಲು ಹಿಡಿದು ಹೋಗಿ, ನೆಗೆಟಿವ್ ಮಾತ್ರ ಉಳಿದಿದ್ದವು. "ಎಲ್ಲಾ ಕಂಪ್ಯೂಟರಿಗೆ ಹಾಕಿ ದೊಡ್ಡವು ಮಾಡಿಕೊಡ್ರಿ. ಕೊನೇವು ಸುಟ್ಟೋಗ್ಯಾವೆ, ಅವನ್ನ ಬಿಟ್ಬಿಡ್ರಿ" ಅಂದರು. ಆಮೇಲೆ ತಮ್ಮಷ್ಟಕ್ಕೇ ಅಂದುಕೊಳ್ಳುವಂತೆ, "ನನ್ನ ಕಳಿಸಿಕೊಡೋ ಹೊತ್ತಿಂದು ಒಂದೂ ನೆಟ್ಟಗೆ ಬರ್ಲಿಲ್ಲ. ನಮ್ಮಪ್ಪ ಸಾಯಾತನಕ ಆ ಫೋಟೋದೋನ್ನ ಬೈತಿದ್ದ" ಅಂದು ಹೋದರು. ನಾನು ಕವರಿನ ಬಾಯಿ ಬಿಚ್ಚಿದೆ. ಹುಳಿ ವಾಸನೆ ಬಂತು. ಕವರಿನ ಮೇಲೆ, ಮಾಸಿದ ನೀಲಿ ಅಕ್ಷರದಲ್ಲಿ, ನನ್ನ ಚಿಕ್ಕಪ್ಪನ ಕೈಬರಹ ಇತ್ತು.

ನಮ್ಮ ಹಟ್ಟಿ ಮಾಡದಕೆರೆಯಿಂದ ಒಂದು ಹರದಾರಿ ಆಚೆ. ಒಂದು ಕಡೆ ತೆಂಗಿನ ತೋಟ, ಇನ್ನೊಂದು ಕಡೆ ಜಾಲಿ ಬೆಳೆದ ಕೆಮ್ಮಣ್ಣಿನ ಬರಡು ದಿಬ್ಬ, ಬಾರೆ ಅನ್ನುತ್ತಿದ್ದೆವು. ಮನೆಗೆ ಅಂಟಿಕೊಂಡೇ ಕುರಿರೊಪ್ಪ. ಅಪ್ಪ, ಅವ್ವ ಹೊಲದಲ್ಲಿರುತ್ತಿದ್ದರು. ನನ್ನನ್ನು ಸಾಕಿದವಳು ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ನಾನು ಹುಟ್ಟುವ ಮೊದಲೇ ತೀರಿಹೋಗಿದ್ದ. ಅವನ ಕುರಿಗಳು, ಅವನ ಕರಿಕಂಬಳಿ, ಅವನ ಉಣ್ಣೆ ಕತ್ತರಿ, ಮೂರನ್ನೂ ಅವಳು ಬಿಟ್ಟುಕೊಟ್ಟಿರಲಿಲ್ಲ. ಸಂಜೆ ಮಂದೆ ರೊಪ್ಪಕ್ಕೆ ನುಗ್ಗುವಾಗ ಅವಳು ಎಣಿಸುತ್ತಿರಲಿಲ್ಲ, ಸುಮ್ಮನೆ ಮುಖಗಳನ್ನು ನೋಡುತ್ತಾ ನಿಂತಿರುತ್ತಿದ್ದಳು. "ಆ ಮುರುಕು ಕಿವಿದು ಎಲ್ಲೋತು?" ಎಂದು ಕೂಗಿದಳೆಂದರೆ ಒಂದು ಕಡಿಮೆಯಿದೆ ಎಂದೇ ಅರ್ಥ. ಕೂಡಲೇ ಕೆಂಚ ಕತ್ತಲಾಗುವ ಮೊದಲೇ ಬಾರೆ ಕಡೆ ಓಡುತ್ತಿತ್ತು. ಕೆಂಚ ನಮ್ಮ ನಾಯಿ. ಹೆಸರಿಗೆ ಮನೆಯದು, ಮನಸ್ಸಿನಲ್ಲಿ ದೊಡ್ಡವ್ವನ ಒಬ್ಬಳದೇ. ಅವಳು ಕುಂತರೆ ಕೂರುತ್ತಿತ್ತು, ಎದ್ದರೆ ಏಳುತ್ತಿತ್ತು, ಬಯ್ದರೆ ಅವಳ ಸೆರಗಿನೊಳಗೇ ಮೂತಿ ಹುದುಗಿಸುತ್ತಿತ್ತು.

ಚಿಕ್ಕಪ್ಪನಿಗೆ ಕುರಿ ಹಿಂದೆ ಹೋಗುವ ಮನಸ್ಸು ಬರಲಿಲ್ಲ. ಹೊಸದುರ್ಗದಲ್ಲಿ ಸ್ಟುಡಿಯೋ ಇಟ್ಟ. ಇದೇ ಸ್ಟುಡಿಯೋ. ಮದುವೆ ಮುಗಿಸಿ ಬಂದವನು ಕ್ಯಾಮರಾ ಹೆಗಲಿಗೆ ಹಾಕಿಕೊಂಡೇ ಹಟ್ಟಿಗೆ ಬರುತ್ತಿದ್ದ. ರೀಲಿಗೆ ಮೂವತ್ತಾರು ಫೋಟೋ. ಮದುವೆಗೆ ತೆಗೆದು ಮುಗಿಸಿದ ಮೇಲೂ ಕೊನೆಯಲ್ಲಿ ಎರಡೋ ಮೂರೋ ಉಳಿಯುತ್ತಿದ್ದವು. ರೀಲು ಪೂರ್ತಿ ಮುಗಿಯದೆ ತೊಳೆಯಲು ಚಿತ್ರದುರ್ಗಕ್ಕೆ ಕಳಿಸುವ ಹಾಗಿಲ್ಲ. "ಮೂರು ಉಳಿದಾವೆ, ಏನು ತೆಗೆಯಾಣ?" ಎಂದು ಅವನು ಅಂಗಳದಲ್ಲಿ ನಿಂತು ಕೇಳುತ್ತಿದ್ದ ಮಾತಿಗಿಂತ ದೊಡ್ಡ ಹಬ್ಬ ನನಗೆ ಇರಲಿಲ್ಲ. ಆ ಮೂರರಲ್ಲಿ ಏನೇನೆಲ್ಲ ಬಂತು! ಆಗತಾನೇ ಹುಟ್ಟಿದ ಮರಿಯ ಕಿವಿಯೊಳಗಿಂದ ತೂರಿಬರುವ ಬೆಳಗಿನ ಬಿಸಿಲು. ಬೇಲಿಯ ಮೇಲೆ ಇಬ್ಬನಿ ಹಿಡಿದ ಜೇಡರ ಬಲೆ. ಒನಕೆಯ ಮೇಲೆ ಕುಳಿತ ಗುಬ್ಬಿ. ಒಮ್ಮೆ ನನ್ನ ಎರಡು ಕೊಳಕು ಪಾದ. ಅರ್ಧ ದಿನ ಆ ಮೂರಕ್ಕಾಗಿ ಹುಡುಕಾಡುತ್ತಿದ್ದೆವು. ಹುಡುಕುತ್ತಾ ಹುಡುಕುತ್ತಾ ಎಲ್ಲವೂ ಚೆಂದ ಕಾಣುತ್ತಿತ್ತು. ಆಮೇಲೆ ನಾನು ಲಕ್ಷಗಟ್ಟಲೆ ಫೋಟೋ ತೆಗೆದಿದ್ದೇನೆ, ಆ ಕಣ್ಣು ಮಾತ್ರ ಮತ್ತೆ ನನಗೆ ಬರಲಿಲ್ಲ.

ಆದರೆ ಆ ಫೋಟೋಗಳು ನಮ್ಮವಾಗಿ ಉಳಿಯುತ್ತಿರಲಿಲ್ಲ. ನೆಗೆಟಿವ್ ಮದುವೆಯವರಿಗೆ ಸೇರಿದ್ದು, ಅದರ ಬಾಲಕ್ಕೆ ಅಂಟಿಕೊಂಡ ನಮ್ಮ ಮನೆಯೂ ಅವರ ಜೊತೆಗೇ ಹೋಗುತ್ತಿತ್ತು. ಕೊಡುವ ಮೊದಲು ಚಿಕ್ಕಪ್ಪ ಒಂದು ಸಲ ಹಟ್ಟಿಗೆ ತಂದು ಬಿಸಿಲಿಗೆ ಹಿಡಿದು ತೋರಿಸುತ್ತಿದ್ದ. ನೆಗೆಟಿವ್‌ನಲ್ಲಿ ಎಲ್ಲವೂ ಉಲ್ಟಾ. ತೆಂಗಿನ ಗರಿ ಗುಲಾಬಿ, ಆಕಾಶ ಕಂದು, ನಮ್ಮ ಕೆಂಪು ಕೆಂಚ ನೀಲಿ. "ಅಯ್ಯೋ ಇವನ, ಕೃಷ್ಣ ಪರಮಾತ್ಮ ಆಗ್ಬಿಟ್ಟವ್ನೆ!" ಎಂದು ದೊಡ್ಡವ್ವ ಕೆಮ್ಮು ಬರುವವರೆಗೂ ನಕ್ಕಿದ್ದಳು. ತನ್ನದೊಂದು ತೆಗೆಸಿಕೋ ಅಂದರೆ ಮಾತ್ರ ಒಪ್ಪುತ್ತಿರಲಿಲ್ಲ. "ನಂದೇನು ತೆಗೀತೀಯ, ಆ ಮರಿದು ತೆಗಿ" ಎಂದು ಬೆನ್ನು ತಿರುಗಿಸುತ್ತಿದ್ದಳು.

ನಾನಾಗ ನಾಲ್ಕನೇ ಕ್ಲಾಸು. ಅವತ್ತು ಉಣ್ಣೆ ಕತ್ತರಿಸುವ ದಿನ. ಹಿಂದಿನ ದಿನವೇ ಕುರಿಗಳನ್ನು ಕೆರೆಗಿಳಿಸಿ ತೊಳೆದಿದ್ದರು. ದೊಡ್ಡವ್ವ ಕತ್ತರಿ ಆಡಿಸುತ್ತಿದ್ದಳು, ನಾನು ಉಣ್ಣೆ ಬಾಚಿ ಬುಟ್ಟಿಗೆ ತುಂಬುತ್ತಿದ್ದೆ. ಆ ಕೆಲಸ ಮಾಡಿದ ಕೈ ಎಷ್ಟು ಉಜ್ಜಿದರೂ ಜಿಡ್ಡುಜಿಡ್ಡು. ಮಧ್ಯಾಹ್ನ ಚಿಕ್ಕಪ್ಪ ಬಂದ. ಈ ಸಲ ಉಳಿದದ್ದು ಒಂದೇ. ಕೆಂಚನಿಗೆ ಆಗಲೇ ವಯಸ್ಸಾಗಿತ್ತು, ಹಿಂಗಾಲು ಎಳೆಯುತ್ತಿತ್ತು. ದೊಡ್ಡವ್ವ ಕತ್ತರಿ ಕೆಳಗಿಟ್ಟು, "ಇವಂದೊಂದು ತೆಗಿಯಪ್ಪ. ಒಬ್ನೇ ನಿಲ್ಲಲ್ಲ, ನಾನು ಹಿಡ್ಕಂಡಿರ್ತೀನಿ" ಅಂದಳು. ನಾಯಿಯನ್ನು ತಬ್ಬಿಕೊಂಡು, ಅದರ ತಲೆಯ ಮೇಲೆ ಬೆಳ್ಳಿ ಕಡಗದ ಕೈಯಿಟ್ಟು, ತಾನೂ ಫೋಟೋದಲ್ಲಿ ಬೀಳುತ್ತೇನೆ ಎನ್ನುವುದನ್ನೇ ಮರೆತು ನೇರ ಕ್ಯಾಮರಾ ಕಡೆ ನೋಡಿದಳು. ಚಿಕ್ಕಪ್ಪ ಉಸಿರು ಬಿಗಿಹಿಡಿದು ಒತ್ತಿದ. ಆಮೇಲೆ ಕ್ಯಾಮರಾವನ್ನು ನಡುಮನೆಯ ಗೂಡಿನಲ್ಲಿಟ್ಟು ಊಟಕ್ಕೆ ಕುಂತ.

ನನಗೆ ತಡೆಯಲಾಗಲಿಲ್ಲ. ದೊಡ್ಡವ್ವ ಫೋಟೋದೊಳಗೆ ಬಂದಿದ್ದಾಳೋ ಇಲ್ಲವೋ ನೋಡಲೇಬೇಕಿತ್ತು. ರೀಲು ಸಿಕ್ಕಿಕೊಂಡಾಗ ಚಿಕ್ಕಪ್ಪ ಬೆಳಕು ಬೀಳದ ಕರಿಚೀಲದೊಳಗೆ ಕೈ ತೂರಿಸಿ ಕ್ಯಾಮರಾ ಬಿಚ್ಚುವುದನ್ನು ಕಂಡಿದ್ದೆ. ನಮ್ಮ ಕಂಬಳಿಯೂ ಕಪ್ಪೇ ತಾನೆ? ದೊಡ್ಡಪ್ಪನ ಕಂಬಳಿ ಹೊದ್ದುಕೊಂಡು ಮೂಲೆಯಲ್ಲಿ ಕುಂತು ಕ್ಯಾಮರಾದ ಬೆನ್ನಿನ ಬಾಗಿಲು ತೆಗೆದೆ. ಕತ್ತಲಲ್ಲಿ ಏನೂ ಕಾಣಲಿಲ್ಲ. ಕಂಬಳಿಯ ಅಂಚನ್ನು ಒಂದಿಷ್ಟೇ ಎತ್ತಿದೆ. ಉರುಳೆಗೆ ಸುತ್ತಿಕೊಂಡ ಕಂದು ಪಟ್ಟಿ, ಅಷ್ಟೇ. ದೊಡ್ಡವ್ವನೂ ಇಲ್ಲ, ಕೆಂಚನೂ ಇಲ್ಲ. ಕೈಗಾದರೂ ಸಿಗುತ್ತಾಳೇನೋ ಎಂದು ಹೆಬ್ಬೆರಳಿಟ್ಟು ಮುಟ್ಟಿ ನೋಡಿದೆ. ಹೆದರಿಕೆಯಾಯಿತು. ಮುಚ್ಚಿ ಗೂಡಿನಲ್ಲಿಟ್ಟು ಹೊರಗೆ ಓಡಿದೆ.

ವಾರದ ಮೇಲೆ ವಿಷಯ ಮನೆಗೆ ಬಂತು. ಕೊನೆಯ ಫೋಟೋಗಳು ಸುಟ್ಟುಹೋಗಿವೆಯೆಂದು ಮದುವೆ ಹುಡುಗಿಯ ಅಪ್ಪ ಸ್ಟುಡಿಯೋ ಮುಂದೆ ನಿಂತು ಬೀದಿಯವರೆಲ್ಲ ಕೇಳುವ ಹಾಗೆ ಬೈದಿದ್ದರಂತೆ. "ಕ್ಯಾಮರಾದಾಗೆ ಬೆಳಕು ಸೋರಿತ್ತು, ನೋಡ್ಕಬೇಕಾಗಿತ್ತು, ತಪ್ಪು ನಂದೇ" ಎಂದು ಚಿಕ್ಕಪ್ಪ ಊಟ ಮಾಡುತ್ತಾ ಅಪ್ಪನಿಗೆ ಹೇಳಿದ. ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ. ಎದ್ದು ಹೋಗುವಾಗ ಅವನು ನನ್ನ ಬಲಗೈ ಹಿಡಿದು, ಹೆಬ್ಬೆರಳು ತಿರುಗಿಸಿ ನೋಡಿ, "ಉಣ್ಣೆ ಮುಟ್ಟಿದ ಮ್ಯಾಲೆ ಕೈ ಚೆನ್ನಾಗಿ ತೊಳ್ಕಬೇಕು ಕಣವ್ವ" ಅಂದ. ಊಟದ ಮಾತು ಅಂದುಕೊಂಡೆ. ಅಲ್ಲಿಂದಾಚೆಗೆ ಕ್ಯಾಮರಾ ಹಟ್ಟಿಗೆ ಬರಲಿಲ್ಲ. ಆ ಮಳೆಗಾಲದಲ್ಲಿ ಕೆಂಚ ಸತ್ತಿತು. ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ದೊಡ್ಡವ್ವನೂ ಹೋದಳು. ಹಾರ ಹಾಕಲು ಫೋಟೋ ಇರಲಿಲ್ಲ. ಅವಳ ಕಂಬಳಿಯನ್ನು ಮಡಿಸಿಟ್ಟು ಅದಕ್ಕೇ ಹೂವಿಟ್ಟರು. ಎಲ್ಲರೂ ಕಂಬಳಿಗೆ ಕೈಮುಗಿಯುವಾಗ ನಾನು ಹಿತ್ತಲಿಗೆ ಹೋಗಿ ಅತ್ತೆ. ಆಮೇಲೆ ಕುರಿ ಮಾರಿದರು, ರೊಪ್ಪ ಬಿತ್ತು. ಈಗ ಅಲ್ಲಿ ನಿಂತರೆ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವುದು ಬಿಟ್ಟರೆ ಅಲ್ಲಾಡುವ ವಸ್ತು ಇನ್ನೊಂದಿಲ್ಲ.

ಮುಂದೆ ಚಿಕ್ಕಪ್ಪನೇ ನನಗೆ ಈ ಕಸುಬು ಕಲಿಸಿದ. ಕ್ಯಾಮರಾ ಕೈಗೆ ಕೊಡುವ ಮುಂಚೆ ಪ್ರತಿ ಸಲವೂ "ಕೈ ತೊಳ್ಕಂಡು ಬಾ" ಎನ್ನುತ್ತಿದ್ದ. ಹೇಳಿಬಿಡಬೇಕು ಎಂದು ಎಷ್ಟೋ ಸಲ ಬಾಯಿತನಕ ಬಂದು ನುಂಗಿಕೊಂಡೆ. ಹೋದ ವರ್ಷ ಅವನೂ ತೀರಿಕೊಂಡ. ಹೇಳದೇ ಉಳಿದ ಮಾತು ಹೊತ್ತುಕೊಂಡು ನಡೆಯುವುದು ಸುಸ್ತಿನ ಕೆಲಸ.

ಆ ಹೆಂಗಸು ಬಿಟ್ಟುಬಿಡಿ ಅಂದಿದ್ದ ಸುಟ್ಟ ಪಟ್ಟಿಯನ್ನೂ ಸ್ಕ್ಯಾನರಿಗೆ ಹಾಕಿದೆ. ಕಾರಿನ ಬಾಗಿಲು, ಹುಡುಗಿಯ ಸೆರಗಿನ ತುದಿ, ಅವಳ ಅಪ್ಪನ ಪಂಚೆಯ ಅಂಚು. ಮುಖಗಳಿರಬೇಕಾದ ಕಡೆಯೆಲ್ಲ ಬರೀ ಬಿಳುಪು. ಕಟ್ಟಕಡೆಯ ಫೋಟೋದಲ್ಲಿ, ಕಂಬಳಿಯ ನೆರಳು ಉಳಿಸಿಕೊಟ್ಟ ಒಂದು ಮೂಲೆಯಲ್ಲಿ, ಕೆಂಚನ ಒಂದು ಕಿವಿ. ಅದರ ಮೇಲೆ ಬೆಳ್ಳಿ ಕಡಗದ ಒಂದು ಕೈ. ದೊಡ್ಡವ್ವನ ಕೈ. ಮುಖ ಇಲ್ಲ. ಮಸುಕಾಗಿದೆಯೆಂದು ದೊಡ್ಡದು ಮಾಡಿದೆ. ಕೈಯ ಪಕ್ಕದಲ್ಲಿ ಸಣ್ಣ ಸಣ್ಣ ಗೆರೆಗಳ ಒಂದು ಸುಳಿ ಮೂಡಿತ್ತು. ಜಿಡ್ಡು ಹತ್ತಿದ ಕಡೆ ರೀಲು ತೊಳೆಯುವ ಔಷಧಿ ಹಿಡಿಯುವುದಿಲ್ಲ, ಗುರುತು ಹಾಗೇ ಉಳಿಯುತ್ತದೆ. ಅದನ್ನು ನನಗೆ ಹೇಳಿಕೊಟ್ಟವನೂ ಚಿಕ್ಕಪ್ಪನೇ. ಅದು ಒಂದು ಮಗುವಿನ ಹೆಬ್ಬೆರಳು. ಪ್ರತಿ ನೆಗೆಟಿವ್ವನ್ನೂ ಭೂತಗನ್ನಡಿ ಹಿಡಿದು ನೋಡುತ್ತಿದ್ದ ಮನುಷ್ಯ ಇದನ್ನು ನೋಡದೆ ಬಿಟ್ಟಿರಲಿಲ್ಲ. ಎಲ್ಲವೂ ಗೊತ್ತಿದ್ದೇ ಬೀದಿಯಲ್ಲಿ ನಿಂತು ಬೈಸಿಕೊಂಡಿದ್ದ.

ಸಂಜೆ ಆ ಹೆಂಗಸು ಬಂದಾಗ ಕುಂತ್ಕಳ್ರಿ ಅಂದು ಎಲ್ಲವನ್ನೂ ಹೇಳಿದೆ. ಕ್ಯಾಮರಾದ ತಪ್ಪಲ್ಲ, ಚಿಕ್ಕಪ್ಪನದೂ ಅಲ್ಲ, ನಂದು, ಅಂದೆ. ಅವರು ಪರದೆಯ ಮೇಲೆ ತಮ್ಮಪ್ಪನ ಪಂಚೆಯ ಅಂಚನ್ನೇ ಬಹಳ ಹೊತ್ತು ನೋಡಿದರು. "ಅಪ್ಪ ಇಲ್ಲಿ ಬೈದ ದಿನ ನಾನೂ ಜೊತೆಗೆ ಬಂದಿದ್ದೆ. ನಿಮ್ಮ ಚಿಕ್ಕಪ್ಪ ತಲೆ ತಗ್ಗಿಸಿ ನಿಂತಿದ್ರು" ಅಂದರು. ಆಮೇಲೆ ಕೊನೆಯ ಫೋಟೋದ ಮೇಲೆ ಬೆರಳಿಟ್ಟು, "ಇದು ನಮ್ದಲ್ಲ, ನಿಮ್ಮ ಮನೇದು. ಕತ್ರಿಸಿ ಇಟ್ಕಳ್ರಿ" ಅಂದರು.

ಕತ್ತರಿ ಕೈಗೆತ್ತಿಕೊಂಡವಳು ಕೆಳಗಿಟ್ಟೆ. ಹಿಂದಕ್ಕೆ ಹೋಗಿ ನಲ್ಲಿ ಬಿಟ್ಟು, ಸೋಪು ಹಚ್ಚಿ, ಕೈ ಚೆನ್ನಾಗಿ ತೊಳೆದುಕೊಂಡು ಬಂದೆ.