ರೇಷ್ಮೆಗೆ ಮೈಲಿಗೆಯಿಲ್ಲ

ಮೊನ್ನೆ ಅಟ್ಟದ ಬಾಗಿಲು ತೆಗೆದೆ ನೋಡಿ, ಬಾವಲಿ ವಾಸನೆ ಮುಖಕ್ಕೆ ಹೊಡೆಯಿತು. ಬೇರೆಯವರಾಗಿದ್ದರೆ ಪೊರಕೆ ಹುಡುಕುತ್ತಿದ್ದರು. ನಾನು ಏಣಿಯ ಮೇಲೇ ಕೂತುಬಿಟ್ಟೆ. ಈಚೆಗೆ ಕೂರುವುದಕ್ಕೆ ನನಗೆ ಯಾವ ನೆಪವಾದರೂ ಸಾಕು.

ಆ ವಾಸನೆಗೆ ನೆನಪಾದದ್ದು ನಮ್ಮೂರ ಕಡೆಯ ಮಾಲೇಕಲ್ಲಿನಿಂದ ಆಚೆಗಿನ ಒಂದು ಬೋಳುಗುಡ್ಡ. ನೆತ್ತಿಯ ಹತ್ತಿರ ಗವಿ, ಒಳಗೆ ದೇವರೆಂದು ನಂಬಿದ ಒಂದು ಗುಂಡುಕಲ್ಲು. ಐವತ್ತರ ದಶಕದ ಕೊನೆಯಿರಬೇಕು, ನಮ್ಮಪ್ಪ ವಿಷಮಶೀತ ಜ್ವರದಲ್ಲಿ ಮಲಗಿದ್ದರು. ಡಾಕ್ಟರು ಜಗಲಿಗೆ ಬಂದು ಪಿಸುಮಾತಿನಲ್ಲಿ ಮಾತಾಡಲು ಶುರುಮಾಡಿದ್ದರು, ಅಂದರೆ ನಿಮಗೇ ಅರ್ಥವಾಗುತ್ತದೆ. ಅಪ್ಪನ ಅಕ್ಕ, ನಮ್ಮ ಸೋದರತ್ತೆ, ಹರಕೆ ಹೊತ್ತಳು: ಉಪವಾಸವಿದ್ದು, ಮಡಿಯಲ್ಲಿ ಗುಡ್ಡ ಹತ್ತಿ ಗವಿಯಲ್ಲಿ ದೀಪ ಹಚ್ಚುತ್ತೇನೆ, ತಮ್ಮನನ್ನು ಉಳಿಸು ಎಂದು.

ಅತ್ತೆ ಚಿಕ್ಕವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು. ಸ್ನಾನವಾಯಿತೆಂದರೆ ಅವಳನ್ನು ಯಾರೂ ಮುಟ್ಟುವಂತಿಲ್ಲ. ನಮ್ಮ ನೆರಳನ್ನೂ ಅನುಮಾನದಿಂದಲೇ ನೋಡುತ್ತಿದ್ದಳು. ಜೊತೆಗೆ ಹೊರಟವನು ನಾನು. ಹಳೇಬೀಡಿನಲ್ಲಿ ಹೊಸದಾಗಿ ಮೇಷ್ಟರಾಗಿದ್ದೆ, ಮಕ್ಕಳಿಗೆ ಡ್ರಿಲ್ ಮಾಡಿಸುವ ಜಂಬ ಬೇರೆ. ಜಂಬ ಮೊದಲ ಬಂಡೆಯಲ್ಲೇ ಇಳಿಯಿತು.

ಅತ್ತೆ ಗುಡ್ಡದ ಬುಡದ ಕೊಳದಲ್ಲಿ ಮುಳುಗೆದ್ದು ಒದ್ದೆ ಸೀರೆಯಲ್ಲೇ ಹತ್ತುತ್ತಿದ್ದಳು. ಕಡಿದಾದ ಕಡೆ ಕೈ ಚಾಚಿದೆ.

“ಮುಟ್ಟೀಯ, ಜೋಕೆ!” ಎಂದಳು. ಉಪಾಯವನ್ನೂ ಅವಳೇ ತಂದಿದ್ದಳು, ಅಪ್ಪನ ಮದುವೆಯ ರೇಷ್ಮೆ ಪಂಚೆ. “ರೇಷ್ಮೆಗೆ ಮೈಲಿಗೆಯಿಲ್ಲ ಕಣೋ. ಆ ತುದಿ ನೀನು ಹಿಡ್ಕೊಂಡು ಎಳಿ.”

ನನ್ನ ಹೆಗಲ ಮೇಲೆ ಎತ್ತನ್ನೇ ಎಳೆಯಬಹುದಾದ ಹೊಸ ಟವಲ್ಲಿತ್ತು. ಆದರೆ ಅದು ಹತ್ತಿಯದು, ಮೈಲಿಗೆ ತಗಲುತ್ತದೆ. ಹಾಗಾಗಿ ನನಗಿಂತ ಹಳೆಯ ಪಂಚೆಯನ್ನು ನಂಬಿ ಮಂಡೆ ಸುಡುವ ಬಿಸಿಲಿನಲ್ಲಿ ಹತ್ತಿದೆವು. ಗವಿ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಪರ್ರೆಂದು ಹರಿಯಿತು. ಜಾರುತ್ತಿದ್ದವಳ ಮುಂಗೈಯನ್ನು ನಾನು ಗಬಕ್ಕನೆ ಹಿಡಿದೆ.

ಇಬ್ಬರೂ ಬಂಡೆಯ ಮೇಲೆ ಕುಸಿದೆವು. ಅತ್ತೆ ತನ್ನ ಮುಂಗೈಯನ್ನೇ ನೋಡುತ್ತಿದ್ದಳು. ನನಗೆ ಅಳುವೇ ಬಂತು.

“ಇಳಿದು ಸ್ನಾನ ಮಾಡಿ ಮತ್ತೆ ಹತ್ತೋಣ್ವಾ ಅತ್ತೆ?”

“ಆಗಲ್ಲ ಕಣೋ, ಸಾಕಾಗಿದೆ. ಇವತ್ತಲ್ಲ, ಎಷ್ಟೋ ವರ್ಷದಿಂದ ಸಾಕಾಗಿದೆ.” ಸೆರಗು ಬಿಗಿದು ಎದ್ದು, “ಹೀಗೇ ದೀಪ ಹಚ್ಚಿಬಿಡ್ತೀನಿ. ಪಾಪ ಬಂದ್ರೆ ನನಗೇ ಬರಲಿ, ಅವನು ಉಳೀಲಿ. ಹೇಗೂ ಮುಟ್ಟಿದ್ದೀಯ, ಇನ್ನು ಕೈ ಬಿಡಬೇಡ” ಎಂದಳು.

ಬಾವಲಿಗಳು ರೆಕ್ಕೆ ಬಡಿಯುವ ಕತ್ತಲಲ್ಲಿ ಬಗ್ಗಿಕೊಂಡು ಒಳಗೆ ಹೋದೆವು. ಅತ್ತೆ ದೀಪ ಹಚ್ಚಿದಳು. ಇಳಿಯುವಾಗ ದಾರಿಯುದ್ದಕ್ಕೂ ನನ್ನ ಕೈ ಹಿಡಿದೇ ಇದ್ದಳು, ಸಪಾಟಾದ ಕಡೆಯಲ್ಲೂ. ಕೊಳದ ಹತ್ತಿರ ಜನ ಕಂಡರು. ಕೈ ಬಿಟ್ಟಳು.

“ಮನೇಲಿ ಹೇಳಬೇಡ.”

ಅಪ್ಪ ಉಳಿದರು. ಬಂದವರಿಗೆಲ್ಲ, “ನಾನು ಬದುಕಿರೋದು ನಮ್ಮಕ್ಕನ ಮಡಿಯಿಂದ ಕಣ್ರೀ” ಎನ್ನುತ್ತಿದ್ದರು. ನಾನು ಕಾಫಿ ಲೋಟದೊಳಕ್ಕೆ ನೋಡುತ್ತಿದ್ದೆ. ಅಡಿಗೆಮನೆಯಲ್ಲಿ ಅತ್ತೆಯ ಪಾತ್ರೆಯ ಸದ್ದು ನಿಲ್ಲುತ್ತಿತ್ತು. ಅವಳ ಮಡಿ ಆಮೇಲೆ ಇನ್ನೂ ಬಿಗಿಯಾಯಿತು. ಅದನ್ನು ಹಾಸ್ಯ ಮಾಡಿ ನೆಂಟರನ್ನು ನಗಿಸುವುದು ನನ್ನ ಚಾಳಿಯೂ ಆಯಿತು. ಈಗ ಅಪ್ಪನೂ ಇಲ್ಲ, ಅತ್ತೆಯೂ ಇಲ್ಲ.

ಅಟ್ಟದಿಂದ ಇಳಿದವನನ್ನು ಹೆಂಡತಿ, “ಏನ್ರೀ, ಮುಖ ಹೀಗಿದೆ?” ಎಂದು ಕೇಳಿದಳು. ಇಷ್ಟು ವರ್ಷದ ಮೇಲೆ ಹೇಳಿದೆ, ಯಾರನ್ನೂ ನಗಿಸದೆ.

“ಹಾಗಾದ್ರೆ ಮಾವನವರನ್ನ ಉಳಿಸಿದ್ದು ಮಡಿಯಲ್ಲ ಅನ್ನಿ,” ಎಂದಳು.

ಯಾವುದು ಉಳಿಸಿತೋ ನನಗೆ ಗೊತ್ತಿಲ್ಲ. ಅತ್ತೆ ತಮ್ಮನಿಗಾಗಿ ಅವತ್ತು ಮಡಿಯನ್ನೇ ಕೊಟ್ಟಳು. ಕೊಡುವುದಕ್ಕೆ ಅವಳ ಹತ್ತಿರ ಬೇರೆ ಏನೂ ಇರಲಿಲ್ಲ.