ಅನಸೂಯಮ್ಮ ಕೇಳಿಸಿಕೊಂಡ ಗೋಲಿ

ಅನಸೂಯಮ್ಮನ ಬಾಯಿಗೆ ಹೆದರದವರು ಆ ಊರಿನಲ್ಲಿ ಇಬ್ಬರೇ. ಒಬ್ಬ ಅವಳ ಗಂಡ. ಮಾತಾಡುವ ಕೆಲಸವನ್ನೆಲ್ಲ ಮದುವೆಯಾದ ಹೊಸತರಲ್ಲೇ ಹೆಂಡತಿಗೆ ಬಿಟ್ಟುಕೊಟ್ಟು ಆತ ಹಸು, ಗದ್ದೆ ಎಂದು ಹೊರಟುಬಿಟ್ಟಿದ್ದ. ಇನ್ನೊಬ್ಬ ಮಗ ರಂಗಸ್ವಾಮಿ. ಬೈಗುಳ ಶುರುವಾಗುವ ಹೊತ್ತಿಗೆ ಅವನು ಮನೆಯಲ್ಲಿ ಇರುತ್ತಲೇ ಇರಲಿಲ್ಲ. ಎಲ್ಲಿರುತ್ತಿದ್ದ ಅಂದರೆ, ಶಾಲೆಯ ಹಿಂದಿನ ಮಾಳದಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಗೋಲಿ ಆಡುತ್ತಿದ್ದ.

ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ಬಸ್ಸು, ನಿಲ್ಲಿಸಲೋ ಬೇಡವೋ ಎಂದು ಯೋಚಿಸುತ್ತಲೇ ನಿಲ್ಲುವಂಥ ಊರು ಅದು. ಅಲ್ಲಿ ರಂಗನ ಕೈಗೆ ಎದುರು ಕೈ ಇರಲಿಲ್ಲ. ಸುತ್ತಮುತ್ತಲ ಹಳ್ಳಿಯ ಹುಡುಗರ ಗೋಲಿಗಳೆಲ್ಲ ಒಂದಲ್ಲ ಒಂದು ದಿನ ಅವನ ಚಡ್ಡಿ ಜೇಬಿಗೆ ಬಂದು ಸೇರುತ್ತಿದ್ದವು. ಜೇಬಿನಿಂದ ಅನಸೂಯಮ್ಮನ ಕೈಗೆ, ಅವಳ ಕೈಯಿಂದ ಸೀದಾ ಹಿತ್ತಲ ಬಾವಿಗೆ. ಆ ಬಾವಿಯಲ್ಲಿ ನೀರಿಗಿಂತ ಗೋಲಿಯೇ ಹೆಚ್ಚು ಎಂದು ಪಕ್ಕದ ಮನೆ ರೇವಮ್ಮ ಊರೆಲ್ಲ ಹೇಳಿಕೊಂಡು ಬಂದಿದ್ದಳು. “ಗೋಲಿ ಆಡ್ಕಂಡೇ ಆಳಾಗೋಗ್ತೀಯ ಕಣ್ಲಾ!” ಎನ್ನುವುದು ಆ ಮನೆಯ ಸುಪ್ರಭಾತವಾಗಿತ್ತು.

ತೊಂಬತ್ತೇಳರ ಬೇಸಿಗೆಯಲ್ಲಿ ರಂಗ ಒಂಬತ್ತನೇ ಕ್ಲಾಸಿನಲ್ಲಿ ಡುಮ್ಕಿ ಹೊಡೆದ. ಸುದ್ದಿ ಚನ್ನರಾಯಪಟ್ಟಣಕ್ಕೆ ತಲುಪಿದ್ದೇ ತಡ, ಅಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿದ್ದ ಅನಸೂಯಮ್ಮನ ಅಣ್ಣ ಹುಚ್ಚಯ್ಯ ಬಂದಿಳಿದ. ಜಗಲಿಯ ಮೇಲೆ ಕೂತು, ಎಲೆಗೆ ಸುಣ್ಣ ಹಚ್ಚುತ್ತ, “ಓದು ಇವನ ತಲೆಗೆ ಅತ್ತಕ್ಕಿಲ್ಲ ಕಣವ್ವ. ಸುಮ್ನೆ ನನ್ನ ಮಂಡಿಗೆ ಕಳ್ಸು, ಕಾಯಿ ಇಂಗಡಿಸದಾರ ಕಲೀಲಿ. ಮುಂದಿನ ಸೋಮವಾರ ಕರ್ಕಂಡೋಗ್ತೀನಿ” ಎಂದ. ಅನಸೂಯಮ್ಮ ಹೂಂ ಅಂದಳು. ಬಾಯಿ ಹೂಂ ಅಂದಿತು, ಮನಸ್ಸು ಒಪ್ಪಲಿಲ್ಲ. ಅವಳನ್ನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಡಿಸಿ ಎಮ್ಮೆಯ ಹಿಂದೆ ಅಟ್ಟಿದ್ದರು. ಅವಳು ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟುಹೋಗುತ್ತಿತ್ತು. ಮಗನಾದರೂ ಶಾಲೆ ಪೂರ್ತಿ ಮಾಡಲಿ ಎಂಬುದೊಂದನ್ನು ಬಿಟ್ಟು ಅವಳು ದೇವರ ಹತ್ತಿರ ಬೇರೇನೂ ಕೇಳಿದವಳಲ್ಲ.

ಅದೇ ವಾರ ಬಾಣಂತಿಯಾಗಿದ್ದ ನಾದಿನಿಯನ್ನು ನೋಡಿಕೊಂಡು ಬರಲು ಅವಳು ಹಾಸನಕ್ಕೆ ಹೋದಳು. ವಾಪಸು ಬರುವಾಗ ಬಸ್ ಸ್ಟ್ಯಾಂಡಿನ ಹತ್ತಿರದ ಬೇಕರಿಯಲ್ಲಿ ಬನ್ನು ಕಟ್ಟಿಸಿಕೊಳ್ಳುತ್ತಿದ್ದಳು. ಬೇಕರಿಯ ಮಾಲೀಕರು ಕೇರಳದವರು. ಬೆಳಗಿನ ಹೊತ್ತು ಹುಡುಗರಿಗೆ ಫುಟ್‌ಬಾಲ್ ಕಲಿಸುವ ಕ್ಲಬ್ಬಿನ ಕೋಚು ಕೂಡ ಅವರೇ. ಅವರು ಯಾರ ಹತ್ತಿರವೋ ಗೋಳಾಡುತ್ತಿದ್ದರು. “ಎಲ್ಲಾ ಉಂಟು. ಒಂದು ಒಳ್ಳೆ ಗೋಳಿ ಮಾತ್ರ ಇಲ್ಲ. ಒಳ್ಳೆ ಗೋಳಿ ಸಿಕ್ಕಿದರೆ ಸ್ಕೂಲಿಗೆ ಸೇರಿಸುವುದು, ಹಾಸ್ಟೆಲು, ಊಟ ಎಲ್ಲಾ ಕ್ಲಬ್ಬೇ ನೋಡಿಕೊಳ್ಳುತ್ತದೆ. ಭಾನುವಾರ ಸೆಲೆಕ್ಷನ್ ಇಟ್ಟಿದ್ದೇನೆ, ಎಂಥ ಮಾಡುವುದು?”

ಕೇರಳದ ಕಡೆ ಗೋಲ್‌ಕೀಪರ್‌ಗೆ ಗೋಳಿ ಅನ್ನುತ್ತಾರೆ. ಇದು ಅನಸೂಯಮ್ಮನಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿರಬೇಕಿತ್ತು ಅನ್ನುವವರು ದಯವಿಟ್ಟು ತಮಗೆ ಯಾವಾಗ ಗೊತ್ತಾಯಿತು ಎಂದು ಎದೆ ಮುಟ್ಟಿ ಹೇಳಲಿ. ಬನ್ನಿನ ಪೊಟ್ಟಣ ಅಲ್ಲೇ ಬಿಟ್ಟು ಅವಳು ನುಗ್ಗಿಯೇಬಿಟ್ಟಳು.

“ಸಾ, ಗೋಲಿನಾ ಸಾ?”

“ಗೋಳಿ, ಅಮ್ಮಾ, ಗೋಳಿ! ಹುಡುಗ ಯಾರಾದರೂ ಉಂಟಾ?”

“ಅವ್ನೆ ಸಾ, ನನ್ನ ಮಗ. ಊಟ ತಿಂಡಿ ಬುಟ್ಟು ಅದೇ ಕಸುಬು.”

ಅವರ ಮುಖ ಅರಳಿತು. “ಕೈ ಹೇಗೆ?”

“ಕೈ ಅಂದ್ರೆ ಕೈ ಸಾ! ನಮ್ಮ ಕಡೆ ಅವನ ಎದುರು ನಿಲ್ಲೋ ಗಂಡು ಇನ್ನೂ ಉಟ್ಟಿಲ್ಲ.”

“ಪೆನಾಲ್ಟಿ?”

ಇದೇನು ಎಂದು ಅನಸೂಯಮ್ಮ ಒಂದು ಗಳಿಗೆ ಯೋಚಿಸಿದಳು. ಪೆನಾಲ್ಟಿ ಅಂದರೆ ದಂಡ. ಸೋತವನು ಮೊಣಕೈಯಿಂದ ಗೋಲಿ ತಳ್ಳುವ ದಂಡ ಆಟದಲ್ಲಿ ಇದ್ದೇ ಇದೆಯಲ್ಲ! “ಅದ್ರಲ್ಲೇ ಅವ್ನು ಎತ್ತಿದ ಕೈ ಸಾ. ಮೊಣಕೈಲಿ ತಳ್ಳಿಸ್ತಾನೆ. ಚರ್ಮ ಸುಲಿದೋದ್ರೂ ಬುಡಕ್ಕಿಲ್ಲ.”

“ಮೊಣಕೈಯಲ್ಲಿ ಪೆನಾಲ್ಟಿ!” ಎಂದು ಕೋಚು ಪಕ್ಕದವರ ಮುಖ ನೋಡಿದರು. ಅನಸೂಯಮ್ಮನ ಬನ್ನಿಗೆ ಜೊತೆಯಾಗಿ ಒಂದು ದಿಲ್‌ಪಸಂದ್ ಪುಕ್ಕಟೆಯಾಗಿ ಬಂತು.

ಆ ಸಂಜೆ ಊರಿನವರು ತಮ್ಮ ಕಿವಿಯನ್ನು ತಾವೇ ನಂಬಲಿಲ್ಲ. ರಂಗ ಅಮ್ಮನನ್ನು ಕಂಡು ಅಪರೂಪಕ್ಕೆ ಪುಸ್ತಕ ಹಿಡಿದು ಕೂತಿದ್ದ. ಅನಸೂಯಮ್ಮ ಪುಸ್ತಕ ಕಿತ್ತುಕೊಂಡು, “ಓದಿದ್ದು ಸಾಕು, ಎದ್ದೋಗಿ ಗೋಲಿ ಆಡ್ಲಾ!” ಎಂದು ಗದರಿದಳು. ಹುಡುಗ ಕಕ್ಕಾಬಿಕ್ಕಿಯಾಗಿ ಅಪ್ಪನ ಕಡೆ ನೋಡಿದ. ಅಪ್ಪ ಹಸುವಿನ ಕಡೆ ನೋಡಿದ.

“ಗೋಲಿಗೂ ಕ್ಲಬ್ಬು ಇರ್ತದಾ ಅವ್ವಾ?” ಎಂದು ರಂಗ, ಬೇಕರಿಯ ಸಂಗತಿಯನ್ನು ಅಮ್ಮ ಹೇಳಿ ಮುಗಿಸಿದ ಮೇಲೆ, ಕೇಳಿದ.

“ಕಬಡ್ಡಿಗಿಲ್ವಾ? ಅಗ್ಗ ಎಳೆಯಾಕೂ ಕಪ್ಪು ಕೊಡ್ತಾರೆ. ಗೋಲಿಗ್ಯಾಕಿರಬಾರ್ದು?”

ಮರುದಿನ ಅವಳೇ ಅಂಗಡಿಗೆ ಹೋಗಿ ಗೋಲಿ ಕೊಡಲು ಹೇಳಿದಳು. ಅಂಗಡಿಯವನು ಗಾಬರಿಯಿಂದ, “ಬಾವಿಗೆ ಆಕಕ್ಕಾ?” ಎಂದು ಕೇಳಿ ಬೈಸಿಕೊಂಡ. ಭಾನುವಾರ ಬರುವವರೆಗೂ ಅವಳು ಮಾಳದ ಬೇವಿನ ಮರದ ಕೆಳಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತು ಮಗನಿಗೆ ತಾಲೀಮು ಮಾಡಿಸಿದಳು. ಗುರಿ ತಪ್ಪಿದರೆ ಬೈಗುಳ, ತಪ್ಪದಿದ್ದರೆ ಹಾಲು, ಬೆಲ್ಲ. ಆ ದಾರಿಯಲ್ಲಿ ನೀರಿಗೆ ಹೊರಟಿದ್ದ ರೇವಮ್ಮ, “ಏನ್ ಅನಸೂಯಕ್ಕ, ಮಗನ್ನ ಗೋಲಿ ಆಡಕ್ಕೆ ಡೆಲ್ಲಿಗೆ ಕಳಿಸ್ತೀಯಾ?” ಎಂದಳು. “ಮೊದ್ಲು ಆಸನ. ಆಮೇಲೆ ಡೆಲ್ಲಿ” ಎಂದಳು ಅನಸೂಯಮ್ಮ, ಚೂರೂ ನಗದೆ. ಇಂಥ ಮಾತನ್ನು ಊರಿನ ಮುಂದೆ ಆಡಿದ ಮೇಲೆ ವಾಪಸು ನುಂಗುವ ದಾರಿ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಹೊಳೆನರಸೀಪುರದಲ್ಲಿ ಬಸ್ಸು ಬದಲಿಸುವ ಮೊದಲು ನರಸಿಂಹಸ್ವಾಮಿಗೆ ಒಂದು ಕಾಯಿ ಒಡೆಸಿ, ತಾಯಿ ಮಗ ಹಾಸನದ ಮೈದಾನ ತಲುಪಿದರು. ರಂಗನಿಗೆ ಯುಗಾದಿಯ ಅಂಗಿ, ಎಣ್ಣೆ ಹಾಕಿ ತೀಡಿದ ತಲೆ, ನಡೆದರೆ ಝಲ್ ಝಲ್ ಎನ್ನುವ ಎರಡು ಜೇಬು. ಮೈದಾನದ ತುಂಬ ಮೊಣಕಾಲವರೆಗೆ ಕಾಲುಚೀಲ ಹಾಕಿಕೊಂಡ ಹುಡುಗರು ಚೆಂಡು ಒದೆಯುತ್ತಿದ್ದರು. ಈ ಚೆಂಡಿನವರು ಯಾವಾಗ ಜಾಗ ಖಾಲಿ ಮಾಡುತ್ತಾರೋ, ಗೋಲಿಯವರು ಯಾವಾಗ ಬರುತ್ತಾರೋ ಎಂದು ಅನಸೂಯಮ್ಮ ಬೇಲಿಯ ಪಕ್ಕ ಸೆರಗು ಹಾಸಿ ಕೂತಳು.

“ಬಾ ಮೋನೆ, ಬಾ ಮಗನೇ! ಮೊಣಕೈ ಪೆನಾಲ್ಟಿ ನೀನೇ ಅಲ್ಲವಾ?” ಎಂದು ಕೋಚು ರಂಗನ ಭುಜ ಹಿಡಿದು ಕರೆದುಕೊಂಡು ಹೋಗಿ ಎರಡು ಕಂಬಗಳ ನಡುವೆ ನಿಲ್ಲಿಸಿದರು. ಕೈಗೆ ದಪ್ಪನೆಯ ಗ್ಲೌಸು ಕೊಟ್ಟರು. ಇದನ್ನು ಹಾಕಿಕೊಂಡರೆ ಬೆರಳು ಬಗ್ಗುವುದು ಹೇಗೆ ಎಂದು ರಂಗ ಅದನ್ನು ನಯವಾಗಿ ವಾಪಸು ಕೊಟ್ಟ. ಆಮೇಲೆ ಹಿಮ್ಮಡಿಯಿಂದ ನೆಲ ತಿರುವಿ ಒಂದು ಗುಳಿ ಮಾಡಿ, ಕುಕ್ಕರುಗಾಲಲ್ಲಿ ಕೂತು, ಗುಳಿಯೊಳಗಿನ ಮಣ್ಣನ್ನು ಊದಿದ. ಎದುರಿಗಿದ್ದ ಹುಡುಗ ಚೆಂಡು ಒದ್ದದ್ದು ಸರಿಯಾಗಿ ಆಗಲೇ.

ಚೆಂಡು ಬಂದು ಎದೆಗೆ ಬಡಿಯಿತು. ರಂಗ ಅಂಗಾತ ಬಿದ್ದ. ಜೇಬಿನ ಗೋಲಿಗಳೆಲ್ಲ ಹಾರಿ ಮೈದಾನದ ತುಂಬ ಚೆಲ್ಲಾಡಿದವು. ವಾಪಸು ಬಂದ ಚೆಂಡನ್ನು ಇನ್ನೊಮ್ಮೆ ಒದೆಯಲು ಓಡಿಬಂದ ಹುಡುಗ ಗೋಲಿಯ ಮೇಲೆ ಕಾಲಿಟ್ಟು, ಜಾರಿ, ರಂಗನ ಪಕ್ಕದಲ್ಲೇ ಬಂದು ಮಲಗಿದ.

ಕೋಚು ಬಗ್ಗಿ ಒಂದು ಗೋಲಿ ಎತ್ತಿಕೊಂಡು ಬಿಸಿಲಿಗೆ ಹಿಡಿದು ನೋಡಿದರು. “ಇದು ಎಂಥದು?”

“ಗೋಲಿ ಸಾ” ಎಂದ ರಂಗ.

ಮೊದಲು ನಕ್ಕವನು ಯಾರೋ, ಆಮೇಲೆ ಇಡೀ ಮೈದಾನ ನಕ್ಕಿತು. ಒಬ್ಬ ಹುಡುಗ ಹೊಟ್ಟೆ ಹಿಡಿದುಕೊಂಡು, “ಗೋಳಿ ಅಂದ್ರೆ ಗೋಲ್‌ಕೀಪರ್ ಕಣೋ! ಇವ್ನು ಗೋಲಿ ಆಡೋಕೆ ಬಂದವ್ನೆ!” ಎಂದು ಕೂಗಿದ. ಬೇಲಿಯ ಪಕ್ಕದಲ್ಲಿದ್ದ ಅನಸೂಯಮ್ಮನಿಗೂ ಅದು ಚೆನ್ನಾಗಿಯೇ ಕೇಳಿಸಿತು. ಈ ಸಲ ಅವಳ ಕಿವಿ ಸರಿಯಾಗಿಯೇ ಕೆಲಸ ಮಾಡಿತು. ಮುಖ ಬಿಸಿಯಾಯಿತು. ಹುಡುಗರೆಲ್ಲ ಅವಳ ಕಡೆಗೇ ತಿರುಗಿ ನೋಡುತ್ತಿದ್ದರು. ಊರಿಗೇ ಬೈಯುವ ಅನಸೂಯಮ್ಮ ಸೆರಗನ್ನು ಮುಖಕ್ಕೆ ಎಳೆದುಕೊಂಡಳು.

“ಯಾರು ಹೇಳಿದ್ದು ನಿನಗೆ, ಈ ಗೋಲಿ ಅಂತ?” ಎಂದು ಕೋಚು ಕೇಳಿದರು.

ರಂಗ ಎದ್ದು ನಿಂತು ಅಂಗಿಯ ಧೂಳು ಕೊಡವಿದ. ಅಮ್ಮನ ಕಡೆ ಒಂದು ಸಲ ನೋಡಿದ. “ಯಾರೂ ಯೋಳಿಲ್ಲ ಸಾ. ನಂಗೊತ್ತಿತ್ತು. ಜೇಬಲ್ಲಿದ್ದಿದ್ದು ಬಸ್ಸಲ್ಲಿ ಒತ್ತು ಕಳೆಯಕ್ಕೆ.” ಆಮೇಲೆ ನಾಲಿಗೆಯನ್ನು ಕಷ್ಟಪಟ್ಟು ಹಿಂದಕ್ಕೆ ಮಡಚಿ, ಕೋಚು ಹೇಳುವ ಹಾಗೆಯೇ ಹೇಳಿದ: “ನಾನು ಗೋಳಿನೇ. ಒದೀರಿ ಸಾ.”

ಒದ್ದರು. ಒಂದು ಚೆಂಡು ಎಡಕ್ಕೆ ಹೋಯಿತು, ರಂಗ ಬಲಕ್ಕೆ ಬಿದ್ದ. ಇನ್ನೊಂದು ಬಲಕ್ಕೆ ಬಂತು, ಅವನು ಎಡಕ್ಕೆ ಹಾರಿ ಕಂಬಕ್ಕೆ ತಲೆ ಹೊಡೆಸಿಕೊಂಡ. ಒಂದನ್ನು ಹಿಡಿದ. ಆದರೆ ಹಿಡಿದ ಖುಷಿಗೆ ಅದನ್ನು ತಬ್ಬಿಕೊಂಡು ತಾನೇ ಗೋಲ್‌ಪೋಸ್ಟಿನ ಒಳಗೆ ನಡೆದುಬಿಟ್ಟ. ಇನ್ನೊಂದನ್ನು ಮುಖದಿಂದಲೇ ತಡೆದ. ತುಟಿ ಒಡೆಯಿತು. ಯುಗಾದಿ ಅಂಗಿಯ ತೋಳು ಹರಿದು ಜೋತಾಡುತ್ತಿತ್ತು. ಮೊದಮೊದಲು ಪ್ರತಿ ಸಲವೂ ನಗುತ್ತಿದ್ದ ಹುಡುಗರು ಬರುಬರುತ್ತ ನಗುವುದನ್ನು ನಿಲ್ಲಿಸಿದರು.

“ಸಾಕು ಮೋನೆ” ಎಂದರು ಕೋಚು.

“ಇನ್ನೊಂದು ಸಾ.”

“ಬಾರ್ಲಾ ರಂಗಾ, ಮನೆಗೋಗಾಣ!” ಎಂದು ಅನಸೂಯಮ್ಮ ಬೇಲಿ ಹಿಡಿದುಕೊಂಡು ಕೂಗಿದಳು.

“ಇನ್ನೊಂದು ಕಣವ್ವ” ಎಂದು ಅವನು ಮೊಣಕಾಲಿನ ಮಣ್ಣು ಒರೆಸಿಕೊಂಡು ಮತ್ತೆ ಕಂಬಗಳ ನಡುವೆ ನಿಂತ.

ಸೆಲೆಕ್ಷನ್ ಆಗಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಕೋಚು ಅದನ್ನು ಹೇಳಲು ಸಂಕಟಪಟ್ಟುಕೊಂಡು, ಚೆಲ್ಲಿದ್ದ ಗೋಲಿಗಳನ್ನು ಹುಡುಗರ ಕೈಯಿಂದ ಆರಿಸಿಸಿ, ತಮ್ಮ ಕರವಸ್ತ್ರದಲ್ಲಿ ಗಂಟು ಕಟ್ಟಿ ಅನಸೂಯಮ್ಮನ ಕೈಗೆ ಕೊಟ್ಟರು. ಅವಳು ಅದನ್ನು ಬಾವಿಗೂ ಎಸೆಯುವಂತಿಲ್ಲ, ಹಿಡಿದುಕೊಂಡು ಬರುವಂತೆಯೂ ಇಲ್ಲ. ಕೊನೆಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸು ಹತ್ತಿದಳು.

ಬಸ್ಸು ಹಾಸನ ದಾಟಿತು. ಅನಸೂಯಮ್ಮ ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ ಮಗನ ತುಟಿ ಒರೆಸುತ್ತ ಕೇಳಿದಳು. “ಯಾಕ್ಲಾ ಸುಳ್ಳು ಯೋಳ್ದೆ?”

“ಎಲ್ರೂ ನಿನ್ನ ನೋಡ್ಕಂಡು ನಗ್ತಿದ್ರಲ್ಲವ್ವ” ಎಂದ ರಂಗ. ಊದಿದ ತುಟಿಯಲ್ಲಿ ಮಾತು ಸರಿಯಾಗಿ ಬರಲಿಲ್ಲ. “ನಾನು ಬಿದ್ರೆ ನನ್ನ ನೋಡ್ಕಂಡು ನಗ್ತಾರೆ ಅಂದ್ಕಂಡೆ.”

ಅನಸೂಯಮ್ಮ ಕಿಟಕಿಯ ಕಡೆ ತಿರುಗಿ ಕೂತಳು. ತನ್ನ ಹೊಟ್ಟೆಯಲ್ಲಿ ಹುಟ್ಟಿದ ಈ ಹುಡುಗನನ್ನು ತಾನು ಇಷ್ಟು ವರ್ಷ ಬೈದಿದ್ದೇ ಬಂತು, ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ ಅನ್ನಿಸಿ ಅವಳಿಗೆ ಅಳು ಬಂತು. ಹೊಳೆನರಸೀಪುರ ಬರುವವರೆಗೂ ಅತ್ತಳು. ಕಂಡಕ್ಟರು ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡು ಅವರ ಕಡೆ ಸುಳಿಯಲಿಲ್ಲ.

ಮನೆಯ ಜಗಲಿಯ ಮೇಲೆ ಹುಚ್ಚಯ್ಯ ಬಂದು ಕೂತಿದ್ದ. ನಾಳೆ ಬೆಳಿಗ್ಗೆ ಹುಡುಗನನ್ನು ಕರೆದುಕೊಂಡು ಹೋಗಲು ಒಂದು ದಿನ ಮೊದಲೇ ಬಂದಿದ್ದ. ರೇವಮ್ಮನೂ ಹಾಗೇ ಸುಮ್ಮನೆ ಬಂದಿದ್ದಳು, ಅವಳ ಹಿಂದೆ ಅರ್ಧ ಬೀದಿಯೂ ಹಾಗೇ ಸುಮ್ಮನೆ ಬಂದಿತ್ತು.

“ಏನಾಯ್ತು ಅನಸೂಯಕ್ಕ, ಡೆಲ್ಲಿಗೆ ಯಾವತ್ತು?” ಎಂದಳು ರೇವಮ್ಮ.

“ಆಗ್ಲಿಲ್ಲ ಕಣೆ. ಅವ್ರು ಕೇಳಿದ್ದು ಚೆಂಡು ಇಡಿಯೋನ್ನ. ನಾನು ಗೋಲಿ ಅಂತ ಕೇಳಿಸ್ಕಂಡೆ. ನಗಾದಿದ್ರೆ ಇವಾಗ್ಲೇ ನಕ್ಬುಡು, ಆಮೇಲೆ ನನಗೆ ಕೆಲ್ಸ ಅದೆ” ಎಂದಳು ಅನಸೂಯಮ್ಮ. ಹೀಗೆ ಅಪ್ಪಣೆ ಕೊಟ್ಟ ಮೇಲೆ ನಗಲು ರೇವಮ್ಮನಿಗೆ ಧೈರ್ಯ ಬರಲಿಲ್ಲ.

ಹುಚ್ಚಯ್ಯ ಎಲೆ ಉಗುಳಿ ಬಾಯಿ ಒರೆಸಿಕೊಂಡ. “ನಾನು ಆಗ್ಲೇ ಯೋಳಿರ್ಲಿಲ್ವಾ? ಬಟ್ಟೆ ತುಂಬ್ಸು, ಬೆಳಗಾನ ಮೊದಲ್ನೇ ಬಸ್ಸಿಗೆ ಓಗ್ತೀವಿ.”

“ಕಳಿಸಕ್ಕಿಲ್ಲ ಕಣಣ್ಣ.”

“ಕಳಿಸಕ್ಕಿಲ್ವಾ? ಬಿದ್ದೋಗಿರೋ ಹುಡ್ಗುನ್ನ ಮಡಿಕ್ಕಂಡು ಏನ್ ಮಾಡ್ತೀಯೆ?”

“ಇವತ್ತು ಇಡೀ ಆಸನದ ಮುಂದೆ ಬಿದ್ದ ಕಣಣ್ಣ ಅವ್ನು, ನನಗೋಸ್ಕರ. ಎಷ್ಟು ಸಲ ಬಿದ್ದ ಅಂತ ನಂಗೇ ಲೆಕ್ಕ ತಪ್ಪೋಯ್ತು. ಅಷ್ಟೂ ಸಲ ಎದ್ದ. ಯಾರೂ ಕೈ ಕೊಡ್ಲಿಲ್ಲ, ಅವ್ನೇ ಎದ್ದ.” ಅವಳು ಮಗನ ಅಂಗಿಯ ಹರಿದ ತೋಳನ್ನು ಎತ್ತಿ ತೋರಿಸಿದಳು. “ಒಂಬತ್ತನೇ ಕ್ಲಾಸಲ್ಲಿ ಬಿದ್ದಿರೋದು ಒಂದೇ ಸಲ. ನಾವ್ಯಾಕಣ್ಣ ಅವ್ನಿಗೆ ಏಳಕ್ಕೇ ಬುಡಕ್ಕಿಲ್ಲ?”

ಹುಚ್ಚಯ್ಯ ಉತ್ತರಕ್ಕಾಗಿ ಬಾವನ ಕಡೆ ತಿರುಗಿದ. ಹಸುವಿನ ಮೈ ತಿಕ್ಕುತ್ತಿದ್ದ ಆತ ಕೈ ನಿಲ್ಲಿಸಿ, ಎಷ್ಟೋ ವರ್ಷದ ಮೇಲೆ ಹೆಂಡತಿಯ ಎದುರು ತಾನೇ ಬಾಯಿ ತೆರೆದ.

“ಓದ್ಲಿ ಬುಡು” ಎಂದ.