ಮೂರು ತಲೆಮಾರಿನ ಗುಂಡಿ

ನಮ್ಮ ದೊಡ್ಡಪ್ಪ ಕೆಂಚೇಗೌಡ ಬಾವಿಗೆ ಬಿದ್ದವರನ್ನು ಮೇಲೆತ್ತಿ ತಂದು, ಉಸಿರಾಡುತ್ತಿದ್ದಾರೆ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಹೊಡೆಯುತ್ತಿದ್ದ. ಮಲ್ಲಿಪಟ್ಟಣದ ಕಡೆಯ ನಮ್ಮ ಊರಿನಲ್ಲಿ ಯಾರಾದರೂ ನೀರಿಗೆ ಬಿದ್ದರೆ ಜನ ಮೊದಲು ಕೂಗುತ್ತಿದ್ದುದು ಅವನನ್ನೇ. ಓಡಿ ಬಂದವನು ಪಂಚೆ ಎತ್ತಿ ಕಟ್ಟಿ, ತೊಡೆ ತಟ್ಟಿ, ಹಿಂದುಮುಂದು ನೋಡದೆ ಧುಮುಕುತ್ತಿದ್ದ. ಬಿದ್ದವರ ಕೂದಲು ಹಿಡಿದು ಎಳೆತಂದು, ಕಟ್ಟೆಯ ಮೇಲೆ ಕೆಡವಿ ನೀರು ಕಕ್ಕಿಸಿದ ಮೇಲೆ ಕಪಾಳಕ್ಕೆ ಎರಡು ಬಿಗಿಯುತ್ತಿದ್ದ. "ಬೀಳಕ್ಕೆ ಕುಡ್ಯೋ ನೀರೇ ಬೇಕಾಗಿತ್ತೇನ್ಲಾ? ಬಾವೀನೇ ಮೈಲಿಗೆ ಮಾಡ್ಬುಟ್ಯಲ್ಲೋ!"

ಊರಲ್ಲಿ ಅವನಿಂದ ಏಟು ತಿನ್ನದವರು ಕಡಿಮೆ. ಮಗ, ಆಳು, ದನದ ವ್ಯಾಪಾರಿ, ಶಾಂತಿಗ್ರಾಮದಲ್ಲಿ ಬಸ್ಸು ನಿಲ್ಲಿಸದೆ ಹೋದ ಕಂಡಕ್ಟರು, ಎಲ್ಲರೂ ತಿಂದವರೇ. ನಮ್ಮ ಮನೆ ಅವನ ಮನೆಗೆ ಗೋಡೆಗೆ ಗೋಡೆ, ನಾನು ಬಿಟ್ಟುಹೋದೇನೆ? ಒಮ್ಮೆ ಹೊರಗಾದ ದಿನ ಮರೆತು ಅವನ ತುಳಸಿಕಟ್ಟೆಯ ಹತ್ತಿರ ಹಾದುಬಿಟ್ಟೆ. ಮುಟ್ಟಾದವಳನ್ನು ಕೈಯಿಂದ ಮುಟ್ಟುವ ಹಾಗಿಲ್ಲವಲ್ಲ, ದೂರ ನಿಂತು ಬಾರುಕೋಲಿನಿಂದ ಬಾರಿಸಿದ. ಸಂಜೆ ಸಂತೆಯಿಂದ ನನಗೆಂದು ಕಾರಾಸೇವಿನ ಪೊಟ್ಟಣ ತಂದು, ಅದನ್ನೂ ದೂರದಿಂದಲೇ ಎಸೆದ. ಏಟಿನ ಉರಿಯೋ ಸೇವಿನ ಖಾರವೋ ತಿಳಿಯದೆ ಕಣ್ಣು ಮೂಗು ಸುರಿಸಿಕೊಂಡು ತಿಂದೆ. ಅಂಥ ಮನುಷ್ಯನನ್ನು ಪ್ರೀತಿಸದೆ ಇರುವುದೂ ಕಷ್ಟ, ಪ್ರೀತಿಸುವುದೂ ಕಷ್ಟ.

ಬೆಳಗಿನ ಜಾವ ತಂಬಿಗೆ ಹಿಡಿದು ಕೆರೆಯ ಹಿಂದಕ್ಕೆ ಹೋಗಿಬಂದರೆ ಅವನು ಬಾಗಿಲ ಹೊರಗೇ ನಿಲ್ಲುತ್ತಿದ್ದ. ದೊಡ್ಡವ್ವ ಎತ್ತರದಿಂದ ಕಾಲಿಗೆ ನೀರು ಹುಯ್ಯಬೇಕು. ಆ ತಂಬಿಗೆ ಹೊಸಿಲು ದಾಟುವಂತಿಲ್ಲ. ಸ್ನಾನ ಮುಗಿಸಿ, ಒದ್ದೆ ಪಂಚೆಯಲ್ಲಿ ದೇವರಿಗೆ ಕೈಮುಗಿದ ಮೇಲೆಯೇ ಮುದ್ದೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಮನೆಮನೆಗೂ ಕಕ್ಕಸು ಕಟ್ಟಿಸುವ ಯೋಜನೆ ಬಂತು. ದೊಡ್ಡಪ್ಪ ಉರಿದುಬಿದ್ದ. "ಒಟ್ಟೆಯಿಂದ ಈಚೆ ಬಂದದ್ನ ಊರಾಚೆ ಬುಟ್ಬರೋನು ಮನ್ಸ. ದೇವ್ರಿರೋ ಮನೇಲಿ ಹೇಲು ಕೂಡಿಕ್ಕಂಡು ಕುಂತ್ಕಳಾದಾ?" ಆದರೆ ಅವನ ಸೊಸೆ ಶಾರದ ಹೊಳೆನರಸೀಪುರ ಪೇಟೆಯ ಹುಡುಗಿ. ಬಾಣಂತನಕ್ಕೆ ತವರಿಗೆ ಹೋದವಳು, ಹಿತ್ತಲಲ್ಲಿ ಕಕ್ಕಸು ಆಗುವತನಕ ಮಗುವನ್ನು ಕರೆದುಕೊಂಡು ಬರುವುದಿಲ್ಲ ಎಂದು ಹೇಳಿ ಕಳಿಸಿದಳು. ಹಾಸನದಲ್ಲಿ ಕೆಲಸದಲ್ಲಿದ್ದ ಮಗನೂ ಹೆಂಡತಿಯ ಕಡೆಗೇ ನಿಂತ. ಮೊಮ್ಮಗಳ ಮುಖ ನೋಡದೆ ದೊಡ್ಡಪ್ಪ ಎಷ್ಟು ದಿನ ಇದ್ದಾನು? ಒಪ್ಪಿದ.

ಪಂಚಾಯ್ತಿಯಿಂದ ಬಂದವನು ಪಾಪ, ನೆಲದ ಮೇಲೆ ಕಡ್ಡಿಯಿಂದ ಎರಡು ಸುತ್ತು ಗೀರಿ ಬಿಡಿಸಿ ಹೇಳಿದ. ಎರಡು ಸಣ್ಣ ಗುಂಡಿ. ಒಂದು ತುಂಬಿದರೆ ಮುಚ್ಚಿ ಇನ್ನೊಂದಕ್ಕೆ ಬಿಡುವುದು. ಮುಚ್ಚಿದ್ದು ಒಂದೆರಡು ವರ್ಷದಲ್ಲಿ ಒಣಗಿ ಮಣ್ಣಿನ ಹಾಗೆ ಆಗುತ್ತೆ, ವಾಸನೆಯೂ ಇರಲ್ಲ. "ಆಮೇಲೆ ನೀವೇ ತೆಗೆದು ಹೊಲಕ್ಕೆ ಹಾಕ್ಕೋಬಹುದು, ಗೌಡ್ರೇ."

"ಯಾರು ತಗ್ಯಾದು?"

"ನೀವೇ."

ಅವನ ಕೆನ್ನೆಗೆ ಬಿದ್ದ ಏಟಿಗೆ ಕಡ್ಡಿ ಒಂದು ಕಡೆ, ಕನ್ನಡಕ ಒಂದು ಕಡೆ ಹಾರಿದವು. ಆಮೇಲೆ ದೊಡ್ಡಪ್ಪ ಬಾವಿ ತೋಡುವವರನ್ನು ಕರೆಸಿ, ಹಿತ್ತಲಲ್ಲಿ ಬಾವಿಯಷ್ಟೇ ಅಗಲದ, ಬಾವಿಯಷ್ಟೇ ಆಳದ ಒಂದೇ ಗುಂಡಿ ತೋಡಿಸಿದ. ಸುತ್ತ ಕಲ್ಲು ಕಟ್ಟಿಸಲಿಲ್ಲ, ಮೇಲೆ ಚಪ್ಪಡಿ ಹಾಸಿಸಿದ. "ಮೂರು ತಲೆಮಾರು ತುಂಬ್ಬಾರ್ದು. ಯಾರೂ ಮುಟ್ಬಾರ್ದು, ಯಾರೂ ಬಗ್ಗಿ ನೋಡ್ಬಾರ್ದು" ಎಂದ. ಊರಿನ ನಾಲ್ಕಾರು ಮನೆಯವರು ಅದನ್ನು ನೋಡಿ ಮೆಚ್ಚಿ ತಾವೂ ಹಾಗೆಯೇ ತೋಡಿಸಿಕೊಂಡರು.

ಮೂರು ತಲೆಮಾರು ಹಾಗಿರಲಿ, ಮೊಮ್ಮಗಳು ಸ್ಕೂಲಿಗೆ ಸೇರುವ ಹೊತ್ತಿಗೇ ಅದು ಕೈಕೊಟ್ಟಿತು. ಆ ವರ್ಷ ಮಳೆ ಜೋರು. ಅಂತರ್ಜಲ ಉಕ್ಕಿ ಗುಂಡಿ ಚಪ್ಪಡಿಯವರೆಗೂ ತುಂಬಿ, ಹಿತ್ತಲೆಲ್ಲ ನಾರತೊಡಗಿತು. ದೊಡ್ಡಪ್ಪ ಕೇರಿಯಿಂದ ಸಿದ್ದಯ್ಯನನ್ನು ಕರೆಸಿದ. ಸಿದ್ದಯ್ಯ ಆ ಮನೆಯ ಹೊಲದಲ್ಲಿ ವಯಸ್ಸು ಸವೆಸಿದವನು.

"ಬುದ್ಧಿ, ನಿಮ್ ಗದ್ದೆ ಕೆಸ್ರಲ್ಲಿ ಸೊಂಟಗಂಟ ಬೇಕಾದ್ರೂ ಇಳೀತೀನಿ. ಇದ್ಕೆ ಇಳಿಯಕಿಲ್ಲ. ಈ ಕೆಲ್ಸ ನಮ್ ಕೇರಿಯೋರೆಲ್ಲ ಬುಟ್ಬುಟ್ಟಿದ್ದೀವಿ."

"ನೀನ್ ಇಳೀದೆ ನಾನ್ ಇಳೀಲೇನ್ಲಾ?"

"ನಿಮ್ದೇ ಅಲ್ವಾ ಬುದ್ಧಿ?"

ದೊಡ್ಡಪ್ಪನ ಕೈಗೆ ಗುದ್ದಲಿಯ ಕಾವು ಸಿಕ್ಕಿತು. ಮೊದಲ ಏಟು ಬೆನ್ನಿಗೆ. ಎರಡನೆಯದನ್ನು ತಡೆಯಲು ಸಿದ್ದಯ್ಯ ಕೈ ಅಡ್ಡ ಹಿಡಿದ. ಮೂಳೆ ಮುರಿದ ಸದ್ದು ನಮ್ಮ ಪಡಸಾಲೆಗೂ ಕೇಳಿಸಿತು. ಅವನು ನೆಲಕ್ಕೆ ಬಿದ್ದ ಮೇಲೂ ಹೊಡೆದ. ದೊಡ್ಡವ್ವ ಮಧ್ಯೆ ನುಗ್ಗಿ ಕಾವಿಗೆ ಜೋತುಬೀಳದಿದ್ದರೆ ಕೊಂದೇಬಿಡುತ್ತಿದ್ದ. ಪೊಲೀಸರು ಅರಕಲಗೂಡಿಗೆ ಕರೆದೊಯ್ದರು. ಜಾಮೀನಿನ ಮೇಲೆ ಬಂದವನು ಎದೆ ಸೆಟೆಸಿಕೊಂಡೇ ನಡೆದ. ನನಗೆ ಅಂದು ಅವನನ್ನು ಕಂಡು ಅಸಹ್ಯವಾಯಿತು. ನನಗೆ ಕಾರಾಸೇವು ತಂದ ಕೈಯೂ ಇದೇ. ಕೇರಿಯವರು ಯಾರೂ ಮತ್ತೆ ಅವನ ಹೊಲಕ್ಕೆ ಕಾಲಿಡಲಿಲ್ಲ. ಗುಂಡಿ ಹಾಗೆಯೇ ಇತ್ತು.

ಅದಾದ ಕೆಲವೇ ವಾರಗಳಲ್ಲಿ, ಒಂದು ಸೋಮವಾರ ಬೆಳಿಗ್ಗೆ, ಹಿತ್ತಲಲ್ಲಿ ಬೂದಿ ಚೆಲ್ಲಲು ಹೋದ ದೊಡ್ಡವ್ವನ ಕಾಲಡಿಯ ಮಣ್ಣು ಕುಸಿಯಿತು. ಚಪ್ಪಡಿ ವಾಲಿ, ಅವಳು ಗುಂಡಿಯೊಳಗೆ ಹೋದಳು. ಕಿರುಚಾಟ ಕೇಳಿ ನಾನೂ ನಮ್ಮವ್ವನೂ ಶಾರದಳೂ ಓಡಿದೆವು. ಪೂಜೆಯಿಂದೆದ್ದು ದೊಡ್ಡಪ್ಪನೂ ಓಡಿಬಂದ, ಮೈಮೇಲೆ ಮಡಿ ಪಂಚೆ. ದೊಡ್ಡವ್ವ ಕತ್ತಿನವರೆಗೂ ಮುಳುಗಿ ಚಪ್ಪಡಿಯ ಅಂಚಿಗೆ ಬೆರಳು ಕೊಟ್ಟಿದ್ದಳು. ಇನ್ನೊಂದು ಕೈ ಅವನತ್ತ ಚಾಚಿದಳು. "ಇಡ್ಕಳಿ... ಇಡ್ಕಳಿ..."

ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿದ. ಧುಮುಕೇ ಧುಮುಕುತ್ತಾನೆ ಎಂದುಕೊಂಡೆ. ಅವನು ಒಳಗೆ ನೋಡಿದ. ಒಂದು ಹೆಜ್ಜೆ ಹಿಂದೆ ಇಟ್ಟ. "ತಡಿ, ಬಂದೆ" ಎಂದು ತಿರುಗಿ ಓಡಿದ. ಹಗ್ಗ ತರಲು ಹೋದ ಎಂದೇ ನಾವು ತಿಳಿದೆವು.

ಅಂಚಿನಲ್ಲಿದ್ದ ಬೆರಳುಗಳು ಜಾರಿದವು. ತಲೆ ಒಮ್ಮೆ ಮುಳುಗಿ ಮೇಲೆ ಬಂತು. ಶಾರದ ದನದ ಕೊಟ್ಟಿಗೆಯ ಏಣಿ ಎಳೆದುತಂದು ಗುಂಡಿಗೆ ಇಳಿಸಿ, ಎದೆಮಟ್ಟಕ್ಕೆ ಇಳಿದು, ಅತ್ತೆಯ ಕಂಕುಳಿಗೆ ಸೀರೆ ಸುತ್ತಿದಳು. ನಾನೂ ನಮ್ಮವ್ವನೂ ಮೇಲಿನಿಂದ ಎಳೆದೆವು. ಮೂರೂ ಜನರ ಕೈ ಕಿತ್ತುಬರುವಂತಾಯಿತು. ಮೇಲೆ ಬಂದ ದೊಡ್ಡವ್ವ ಬೋರಲಾಗಿ ಬಿದ್ದು ಕಕ್ಕಿದಳು. ಬದುಕಿದಳು.

ಬಿಂದಿಗೆ ಬಿಂದಿಗೆ ನೀರು ಹುಯ್ದು ಅವಳನ್ನು ತೊಳೆಯುತ್ತಿದ್ದಾಗ ದೊಡ್ಡಪ್ಪ ಬಂದ. ಅವನ ಹಿಂದೆ, ಕೈಗೆ ಪಟ್ಟಿ ಕಟ್ಟಿಕೊಂಡ ಸಿದ್ದಯ್ಯ ಹೆಗಲಿಗೆ ಹಗ್ಗ ಹಾಕಿಕೊಂಡು ಏದುಸಿರು ಬಿಡುತ್ತಾ ನಿಂತಿದ್ದ. ದೊಡ್ಡಪ್ಪ ಓಡಿದ್ದು ಕೇರಿಗೆ.

ಸಿದ್ದಯ್ಯ ಗುಂಡಿಯನ್ನೂ ಏಣಿಯನ್ನೂ ನೋಡಿದ. "ಅವ್ವಾರು ಬಿದ್ದವ್ರೆ ಅಂದ್ರಿ, ಮನಸ್ ತಡೀನಿಲ್ಲ, ಬಂದೆ. ಇಷ್ಟೊತ್ಗೆ ನೀವೇ ಎತ್ಬೌದಿತ್ತಲ್ಲ ಬುದ್ಧಿ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬರಿಯ ಆಶ್ಚರ್ಯವಿತ್ತು. ದೊಡ್ಡಪ್ಪನ ಕೈ ಏಳಲಿಲ್ಲ. ಅಂದಿನಿಂದ ಅದು ಯಾರ ಮೇಲೂ ಏಳಲಿಲ್ಲ. ದೊಡ್ಡವ್ವ ಅವನಿಗೆ ಹೊತ್ತುಹೊತ್ತಿಗೆ ಮುದ್ದೆ ಇಟ್ಟಳು, ಪಂಚೆ ಒಗೆದಳು, ಮಾತು ಮಾತ್ರ ಆಡಲಿಲ್ಲ.

ನಾನು ಚನ್ನರಾಯಪಟ್ಟಣದಲ್ಲಿ ಟೀಚರಾಗಿದ್ದಾಗ ಅವನಿಗೆ ಲಕ್ವ ಹೊಡೆದ ಸುದ್ದಿ ಬಂತು. ನೋಡಲು ಹೋದೆ, ಅದೇ ಕೊನೆ. ನಡುಮನೆಯಲ್ಲಿ, ದೇವರ ಕೋಣೆಯ ಎದುರಿಗೇ, ಚಾಪೆಯ ಮೇಲೆ ಮಲಗಿದ್ದ. ನನ್ನನ್ನು ಕಂಡು ಕಣ್ಣು ತುಂಬಿಕೊಂಡ. ಆಗಲೇ ಮಲಗಿದಲ್ಲೇ ಹೊಲಸು ಮಾಡಿಕೊಂಡಿದ್ದ. ದೊಡ್ಡವ್ವ ಬೇಸಿನ್ನಿನಲ್ಲಿ ಬಿಸಿನೀರು, ಹಳೆಬಟ್ಟೆ ತಂದು ಪಕ್ಕದಲ್ಲಿ ಕೂತಳು. ಅವನು ಕೊಸರಾಡಿದ, ತೊದಲಿದ. "ನೀ ಮುಟ್ಬ್ಯಾಡ... ಯಾರ್ನಾರ... ಯಾರ್ನಾರ ಕರಿ..."

ದೊಡ್ಡವ್ವ ಬಟ್ಟೆ ಹಿಂಡಿ ಅವನನ್ನು ಮಗ್ಗುಲಿಗೆ ಹೊರಳಿಸಿದಳು.

"ನಾನ್ ಯಾರ್ನೂ ಕರ್ಯಕ್ಕೋಗಕಿಲ್ಲ. ಸುಮ್ಕೆ ಮನಿಕೊಳ್ಳಿ."